ಆಷಾಢದ ಗಾಳಿಯಲ್ಲಿ ಪುಷ್ಪಕ

ಆಷಾಢ ಬಂತೆಂದರೆ ನಮ್ಮ ತಿಪಟೂರಿನ ಕಡೆ ಗಾಳಿಯದೇ ರಾಜ್ಯಭಾರ. ಹಿತ್ತಲ ತಂತಿಯ ಮೇಲೆ ಹರವಿದ ಸೀರೆ ಪಕ್ಕದ ಮನೆಯ ಹುಣಸೆಮರ ಸೇರಿರುತ್ತದೆ. ಛತ್ರಿ ಬಿಚ್ಚಿದರೆ ತಾವರೆ ಹೂವಿನಂತೆ ಮೇಲಕ್ಕೆ ಮಗುಚಿಕೊಳ್ಳುತ್ತದೆ. ತೋಟದಲ್ಲಿ ತೆಂಗಿನ ಗರಿ ಬೀಳುವ ಸದ್ದಿಗೆ ಮಧ್ಯಾಹ್ನದ ನಿದ್ದೆಯೂ ಹಾರಿಹೋಗುತ್ತದೆ. ಇಂಥ ಗಾಳಿಯಲ್ಲಿ ನಾವು ಮನೆಯ ಹೆಂಗಸರು ಹಪ್ಪಳ ಒಣಗಿಸುವುದಕ್ಕೇ ಹೆದರುತ್ತೇವೆ. ಅಂಥದ್ದರಲ್ಲಿ, ಬಟ್ಟೆ ಹೊದಿಸಿದ ಪುಟ್ಟ ವಿಮಾನವೊಂದನ್ನು ಬಯಲಿಗೆ ತೆಗೆದುಕೊಂಡು ಹೋಗುವುದೆಂದರೆ!

ಅದನ್ನು ನಾನು ಕಣ್ಣಾರೆ ಕಂಡದ್ದು 1981ರ ಆಷಾಢದಲ್ಲಿ, ಬೆಂಗಳೂರಿನ ಪಕ್ಕದ ಜಕ್ಕೂರಿನಲ್ಲಿ. ಹೋದದ್ದು ಮಾತ್ರ ವಿಮಾನ ನೋಡುವುದಕ್ಕಲ್ಲ. ನನ್ನ ಅಕ್ಕನ ಮಗಳು ಅಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಳು. ಅವಳಪ್ಪ ಹಟ ಹಿಡಿದು ಸೇರಿಸಿದ್ದರು. ಅಕ್ಕನಿಗೆ ಒಂದು ದಿನವೂ ನೆಮ್ಮದಿಯಿಲ್ಲ. ಅಷ್ಟರಲ್ಲಿ ಒಂದು ಒಳ್ಳೆಯ ಕಡೆಯಿಂದ ಹೆಣ್ಣು ಕೇಳಿ ಬಂದಿತ್ತು. ಆಷಾಢ ಕಳೆದು ಶ್ರಾವಣ ಹುಟ್ಟುತ್ತಲೇ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಳ್ಳೋಣ, ಆದರೆ ಈ ಹಾರಾಟ ಗೀರಾಟ ಬಿಟ್ಟಿರಬೇಕು ಎಂದು ಅವರ ಕರಾರು.

“ನೀನು ಹೇಳಿದರೆ ಕೇಳ್ತಾಳೆ ಕಣೇ. ಹೋಗಿ ಒಳ್ಳೆ ಮಾತಲ್ಲಿ ಕರ್ಕೊಂಡು ಬಾ. ಆಕಾಶದಿಂದ ಬಿದ್ದರೆ ಎತ್ತೋಕೆ ಕೈಕಾಲಾದರೂ ಸಿಗುತ್ತಾ?” ಎಂದು ಅಕ್ಕ ಕಣ್ಣೊರೆಸಿಕೊಂಡಳು. ಒಂದು ಡಬ್ಬಿ ಕೋಡುಬಳೆ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕಟ್ಟಿಕೊಂಡು ನಾನು ರೈಲು ಹತ್ತಿದೆ. ನನ್ನ ಮನಸ್ಸೂ ಅಕ್ಕನ ಕಡೆಗೇ ಇತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ಬಳ್ಳಾರಿ ರಸ್ತೆಯ ಬಯಲು

ಆಗಿನ ಬಳ್ಳಾರಿ ರಸ್ತೆ ಇವತ್ತಿನಂತಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹಿಡಿದರೆ ಹೆಬ್ಬಾಳದ ಕೆರೆ ದಾಟುತ್ತಲೇ ಊರು ಮುಗಿದಂತೆ. ಎರಡೂ ಕಡೆ ರಾಗಿ ಹೊಲ, ಅಲ್ಲೊಂದು ಇಲ್ಲೊಂದು ದ್ರಾಕ್ಷಿ ತೋಟ. ಕಂಡಕ್ಟರ್ “ಫ್ಲೈಯಿಂಗ್ ಸ್ಕೂಲು ಯಾರ್ರೀ” ಎಂದು ಕೂಗಿದಾಗ ಸೀರೆಯುಟ್ಟ ನಾನೊಬ್ಬಳೇ ಎದ್ದು ನಿಂತದ್ದು ನೋಡಿ ಬಸ್ಸಿನವರೆಲ್ಲ ತಿರುಗಿ ನೋಡಿದರು.

ಈ ಶಾಲೆ ಶುರುವಾದದ್ದು 1948ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಒಂದು ರನ್‌ವೇ, ದೊಡ್ಡ ಕಣಜದಂಥ ಹ್ಯಾಂಗರು, ಸುತ್ತ ಹುಲ್ಲುಗಾವಲು, ಕಂಬದ ತುದಿಯಲ್ಲಿ ಗಾಳಿಚೀಲ, ಇಷ್ಟೇ. ಗಾಳಿಚೀಲವೆಂದರೆ ಎರಡೂ ಕಡೆ ಬಾಯಿರುವ ಬಟ್ಟೆಯ ಚೀಲ. ನಾವು ಕೊಡವಿ ಒಣಹಾಕಿದ ಲಂಗದ ತೋಳಿನಂತೆ ಕಾಣುತ್ತದೆ. ಅದು ಜೋತುಬಿದ್ದರೆ ಗಾಳಿಯಿಲ್ಲ, ನೆಟ್ಟಗೆ ಅಡ್ಡ ನಿಂತರೆ ಗಾಳಿ ಜೋರು. ನಾನು ಹೋದ ದಿನ ಬೆಳಿಗ್ಗೆ ಒಂಬತ್ತಕ್ಕೆ ಅದು ಅರ್ಧ ತಲೆ ಎತ್ತಿತ್ತು.

ಹುಡುಗಿ ಓಡಿಬಂದು ಕಾಲಿಗೆ ನಮಸ್ಕಾರ ಮಾಡಿದಳು. “ಚಿಕ್ಕಮ್ಮಾ, ಸರಿಯಾದ ದಿನ ಬಂದ್ರಿ. ನನ್ನ ಸರದಿ ಇದೆ, ನೋಡಿ ಆಮೇಲೆ ಬೈಯೋರಂತೆ” ಎಂದು ನಕ್ಕಳು. ನಾನು ಬಂದ ಕಾರಣ ಅವಳಿಗೆ ಆಗಲೇ ಗೊತ್ತಾಗಿತ್ತು!

ನಮ್ಮೂರಲ್ಲೇ ಹುಟ್ಟಿದ ಪುಷ್ಪಕ

ಹ್ಯಾಂಗರಿನ ಮುಂದೆ ನಿಂತಿದ್ದ ವಿಮಾನದ ಹೆಸರು ಪುಷ್ಪಕ್. ರಾಮಾಯಣದ್ದಲ್ಲ, ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯದು. ಡಾ. ವಿ. ಎಂ. ಘಾಟಗೆ ಅವರ ಮುಂದಾಳುತನದಲ್ಲಿ ತಯಾರಾದ ಇದು ಮೊದಲು ಹಾರಿದ್ದು 1958ರಲ್ಲಿ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಇಂಥವನ್ನು ನೂರಕ್ಕೂ ಹೆಚ್ಚು ಕಟ್ಟಿದರು. ಪಕ್ಕಪಕ್ಕದಲ್ಲಿ ಎರಡೇ ಸೀಟು. 90 ಅಶ್ವಶಕ್ತಿಯ ಎಂಜಿನ್. ಒಂದು ತುದಿಯಿಂದ ಇನ್ನೊಂದು ತುದಿಗೆ ರೆಕ್ಕೆ 36 ಅಡಿ. ಆದರೆ ತೂಕ? ಖಾಲಿ ಇದ್ದಾಗ 400 ಕಿಲೋ ಆಸುಪಾಸು. ನಮ್ಮ ಕಡೆಯ ಒಂದು ಜೊತೆ ಎತ್ತಿನಷ್ಟೂ ಇಲ್ಲ! ಒಳಗೆ ಉಕ್ಕಿನ ಕೊಳವೆ, ರೆಕ್ಕೆಗೆ ಮರ, ಮೇಲೆ ಬಟ್ಟೆಯ ಹೊದಿಕೆ. ಬೆರಳಲ್ಲಿ ತಟ್ಟಿದರೆ ತಮಟೆಯಂತೆ ಸದ್ದಾಗುತ್ತದೆ.

ಅದರ ನಿಲುವೇ ವಿಚಿತ್ರ. ಮುಂದೆ ಎರಡು ದೊಡ್ಡ ಚಕ್ರ, ಹಿಂದೆ ಬಾಲದ ಕೆಳಗೆ ಅಂಗೈಯಗಲದ ಒಂದು ಪುಟ್ಟ ಚಕ್ರ. ಮೂತಿ ಮೇಲೆ ಮಾಡಿ ಕೂತ ನಾಯಿಯ ಹಾಗೆ. ಈಗ ಬರುವ ಚಿಕ್ಕ ವಿಮಾನಗಳಲ್ಲಿ ಬಹುಪಾಲಿಗೆ ಮೂರನೆಯ ಚಕ್ರ ಮೂಗಿನ ಕೆಳಗಿರುತ್ತದೆ. ಅವು ನೆಲದ ಮೇಲೆ ಸಾಧುಪ್ರಾಣಿಗಳು. ಬಾಲಚಕ್ರದ ವಿಮಾನ ಹಾಗಲ್ಲ.

“ಹಾರೋವಾಗ ಇದು ಬಂಗಾರದಂಥದ್ದು ಚಿಕ್ಕಮ್ಮಾ. ನೆಲದ ಮೇಲೆ ನಡೆಸೋವಾಗಲೇ ಜೀವ ಕೈಲಿ ಹಿಡ್ಕೋಬೇಕು” ಎಂದಳು ಹುಡುಗಿ. ನೆಲದ ಮೇಲೆ ಚಕ್ರದಿಂದ ನಡೆಸುವುದಕ್ಕೆ ಅವರ ಭಾಷೆಯಲ್ಲಿ ಟ್ಯಾಕ್ಸಿ ಮಾಡುವುದು ಅನ್ನುತ್ತಾರೆ. ಟ್ಯಾಕ್ಸಿ ಎಂದರೆ ಬಾಡಿಗೆ ಕಾರು ಎಂದಷ್ಟೇ ತಿಳಿದಿದ್ದ ನನಗೆ ನಗು ಬಂತು. ಆಕಾಶದ ಅಪಾಯಕ್ಕೆ ಹೆದರಿ ನಾನು ಬಂದಿದ್ದರೆ ಇವಳು ನೆಲದ ಅಪಾಯ ಹೇಳುತ್ತಿದ್ದಾಳಲ್ಲ ಎಂದು ಸೋಜಿಗವೂ ಆಯಿತು.

ಗಾಳಿಗೆ ಯಾಕಿಷ್ಟು ಹೆದರಿಕೆ?

ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಇಂಥ ಹಗುರ ವಿಮಾನ ಗಂಟೆಗೆ ಸುಮಾರು 60 ಕಿಲೋಮೀಟರು ವೇಗದ ಗಾಳಿ ರೆಕ್ಕೆಗೆ ಸಿಕ್ಕರೆ ಮೇಲೇಳುವ ಜಾತಿಯದು. ಆ ಗಾಳಿ ತಾನು ಓಡಿದ್ದರಿಂದ ಬಂತೋ, ಆಷಾಢ ಬೀಸಿದ್ದರಿಂದ ಬಂತೋ, ರೆಕ್ಕೆಗೆ ಅದು ತಿಳಿಯದು. ನಿಂತಲ್ಲೇ 40 ಕಿಲೋಮೀಟರಿನ ಗಾಳಿ ಬಡಿದರೆ ಅದಕ್ಕೆ ಅರೆ ಹಾರಿದ ಭಾವನೆ. ಅದೂ ಅಲ್ಲದೆ ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದಂತೆ.

ಇನ್ನೊಂದು ತೊಂದರೆ ಬಾಲದ್ದು. ಬಾಲದ ಮೇಲೆ ಎತ್ತರದ ಹಲಗೆಯಂಥ ಭಾಗವಿದೆಯಲ್ಲ, ಅಡ್ಡಗಾಳಿ ಅದನ್ನು ತಳ್ಳುತ್ತದೆ. ಬಾಲ ಆಚೆ ಹೋದರೆ ಮೂತಿ ಗಾಳಿಯ ಕಡೆ ತಿರುಗುತ್ತದೆ, ಮಾಳಿಗೆಯ ಮೇಲಿನ ಗಾಳಿಕೋಳಿಯ ಹಾಗೆ. ವಿಮಾನದ ಭಾರವೆಲ್ಲ ದೊಡ್ಡ ಚಕ್ರಗಳ ಹಿಂದೆ ಇರುವುದರಿಂದ ಒಮ್ಮೆ ತಿರುಗಲು ಶುರುವಾದರೆ ಬಾಲ ತಾನೇ ಮುಂದೆ ಬರಲು ನೋಡುತ್ತದೆ. ತಳ್ಳುಗಾಡಿಯನ್ನು ಮುಂದೆ ತಳ್ಳದೆ ಹಿಂದುಮುಂದಾಗಿ ಓಡಿಸಿದ ಹಾಗೆ. ಆಗ ವಿಮಾನ ಗಿರ್ರನೆ ಸುತ್ತಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ಮುರಿಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ.

ಇದಕ್ಕೆಲ್ಲ ಮದ್ದು ನಡೆಸುವವರ ಕೈಕಾಲಲ್ಲೇ ಇದೆ. ಕಾಲಲ್ಲಿ ರಡ್ಡರ್ ಪೆಡಲು, ದಿಕ್ಕು ತಪ್ಪದಿರಲು. ಕೈಯಲ್ಲಿ ಕಂಟ್ರೋಲು. ಅದನ್ನು ಹಿಂದೆ ಮುಂದೆ ಮಾಡಿದರೆ ಬಾಲದ ಅಡ್ಡರೆಕ್ಕೆಯ ಅಂಚು ಏರಿ ಇಳಿಯುತ್ತದೆ. ಎಡಕ್ಕೆ ಬಲಕ್ಕೆ ಮಾಡಿದರೆ ದೊಡ್ಡ ರೆಕ್ಕೆಗಳ ತುದಿಯ ಪಟ್ಟಿಗಳು ಏರಿ ಇಳಿಯುತ್ತವೆ. ನೆಲದ ಮೇಲಿದ್ದಾಗ ಇವುಗಳಿಂದ ಏನು ಪ್ರಯೋಜನ ಎಂದು ನಾನು ಕೇಳಿದೆ. ಅಲ್ಲೇ ಇರುವುದಂತೆ ಗುಟ್ಟು!

ಗಾಳಿ ಎದುರಿನಿಂದ ಬರುತ್ತಿದ್ದರೆ ಕಂಟ್ರೋಲನ್ನು ಹಿಂದಕ್ಕೆ ಎಳೆದು ಹಿಡಿಯಬೇಕು. ಎದುರು ಓರೆಯಾಗಿದ್ದರೆ ಗಾಳಿ ಬರುವ ಕಡೆಗೇ ವಾಲಿಸಬೇಕು. ಗಾಳಿ ಹಿಂದಿನಿಂದ ಬರುತ್ತಿದ್ದರೆ ಎಲ್ಲ ತಿರುವುಮುರುವು: ಕಂಟ್ರೋಲು ಮುಂದಕ್ಕೆ, ಗಾಳಿಯಿಂದ ಆಚೆ ಕಡೆಗೆ. “ಎದುರು ಬಂದರೆ ಅದರ ಕಡೆ ಏರು, ಹಿಂದೆ ಬಂದರೆ ಅದರಿಂದ ಇಳಿದು ಓಡು” ಎಂದು ಕಲಿಯುವವರು ಬಾಯಿಪಾಠ ಮಾಡುತ್ತಾರಂತೆ.

ನನ್ನ ತಲೆಗೆ ಇದು ಹೋಗಲಿಲ್ಲ. ಸ್ವಲ್ಪ ಯೋಚಿಸಿದ ಮೇಲೆ ನಮ್ಮ ಮೊರ ನೆನಪಾಯಿತು. ಗಾಳಿಗೆ ಮೊರ ಹಿಡಿದು ನಿಂತಾಗ ಗಾಳಿ ಬರುವ ಕಡೆಯ ಅಂಚು ಎತ್ತಿದರೆ ಗಾಳಿ ಕೆಳಗೆ ನುಗ್ಗಿ ಮೊರವನ್ನೇ ಕಿತ್ತುಕೊಳ್ಳುತ್ತದೆ. ಆ ಅಂಚನ್ನು ತಗ್ಗಿಸಿ ಹಿಡಿದರೆ ಅದೇ ಗಾಳಿ ಮೇಲೆ ಹಾದು ಮೊರವನ್ನು ಕೆಳಕ್ಕೆ ಒತ್ತುತ್ತದೆ. “ಗಾಳಿಗೆ ಎದುರಾದ ಅಂಚು ಯಾವಾಗಲೂ ತಗ್ಗಿರಬೇಕು, ಅಷ್ಟೇ ತಾನೇ?” ಎಂದೆ. ಹುಡುಗಿ ಕಣ್ಣರಳಿಸಿದಳು. “ಚಿಕ್ಕಮ್ಮಾ, ಇದನ್ನ ನಮಗೆ ಬೋರ್ಡಿನ ಮೇಲೆ ಎರಡು ದಿನ ಬರೆದರು!” ಎಂದಳು. ನನಗೂ ಸ್ವಲ್ಪ ಹೆಮ್ಮೆಯಾಯಿತೆನ್ನಿ.

ರನ್‌ವೇ ತುದಿಯವರೆಗೆ

ಅವಳ ಸರದಿ ಬರುವ ಹೊತ್ತಿಗೆ ಹತ್ತೂವರೆ. ಬೆಳಗಿನ ಜಾವ ತಣ್ಣಗಿರುವ ಗಾಳಿ ಬಿಸಿಲೇರಿದಂತೆ ಏರುತ್ತದೆ. ಅದಕ್ಕೇ ಕಲಿಯುವವರೆಲ್ಲ ಮುಂಜಾನೆಯ ಸರದಿಗೆ ಕಾಯುವುದು. ಗಾಳಿಚೀಲ ಈಗ ಮುಕ್ಕಾಲು ಎದ್ದಿತ್ತು. ಪಕ್ಕದ ಸೀಟಿನಲ್ಲಿ ಅವಳ ಮೇಷ್ಟ್ರು ಕೂತರು. ಗಾಳಿ ಇದ್ದದ್ದರಿಂದ ಖಾಕಿ ತೊಟ್ಟ ಇಬ್ಬರು ಸಹಾಯಕರು ಎರಡು ರೆಕ್ಕೆಗಳ ಕೆಳಗಿನ ಆಸರೆ ಕಂಬಿ ಹಿಡಿದು ಜೊತೆಗೆ ಹೊರಟರು. ನನ್ನನ್ನು ನೋಡಿ ಅವರಲ್ಲಿ ಹಿರಿಯರು, “ಅಮ್ಮಾವ್ರೇ, ಸೆರಗು ಸೊಂಟಕ್ಕೆ ಸಿಗಿಸ್ಕೊಳ್ಳಿ. ಆ ಪಂಖದ ಮುಂದಕ್ಕೆ ಮಾತ್ರ ಎಂದೂ ಬರಬೇಡಿ, ತಿರುಗೋವಾಗ ಅದು ಕಣ್ಣಿಗೇ ಕಾಣಲ್ಲ” ಎಂದರು. ನಾನು ಹ್ಯಾಂಗರಿನ ಗೋಡೆಗೆ ಒರಗಿ ನಿಂತೆ.

ಜಕ್ಕೂರಿನ ರನ್‌ವೇ ಪೂರ್ವ ಪಶ್ಚಿಮ ಉದ್ದಕ್ಕಿದೆ. ಮುಂಗಾರಿನ ಗಾಳಿ ಪಶ್ಚಿಮದಿಂದ ಬರುತ್ತದೆ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಏರಬೇಕು. ಎಂದ ಮೇಲೆ ಅವಳು ಮೊದಲು ಪೂರ್ವದ ತುದಿಯವರೆಗೆ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ನಡೆಸಬೇಕು. ಇದೇ ಎಲ್ಲಕ್ಕಿಂತ ಕಷ್ಟದ್ದು. ಬೆನ್ನ ಹಿಂದಿನ ಗಾಳಿ ಬಾಲದ ಕೆಳಗೆ ನುಗ್ಗಿದರೆ ಬಾಲ ಎದ್ದು ಪಂಖ ನೆಲಕ್ಕೆ ಬಡಿಯುತ್ತದೆ. ಗಾಬರಿಯಲ್ಲಿ ಬ್ರೇಕು ಒತ್ತಿದರೆ ಇನ್ನೂ ಬೇಗ ಮುಗ್ಗರಿಸುತ್ತದೆ. ಓರೆಯಾಗಿ ಹಿಂದಿನಿಂದ ಬಂದರಂತೂ ಒಂದು ಕಡೆಯ ರೆಕ್ಕೆಯೂ ಏಳುತ್ತದೆ.

ಅವಳು ಹೊರಟಳು. ಮನುಷ್ಯ ನಡೆಯುವ ವೇಗ, ಅದಕ್ಕಿಂತ ಹೆಚ್ಚಿಲ್ಲ. ಮೂತಿ ಮೇಲಿರುವುದರಿಂದ ಕೂತವರಿಗೆ ನೇರ ಮುಂದಿನದು ಕಾಣುವುದಿಲ್ಲ. ಆದ್ದರಿಂದ ಹಾವು ಹರಿದಂತೆ ಅತ್ತ ಸ್ವಲ್ಪ ಇತ್ತ ಸ್ವಲ್ಪ ತಿರುಗುತ್ತ, ಪಕ್ಕದ ಕಿಟಕಿಯಿಂದ ದಾರಿ ನೋಡುತ್ತ ಹೋಗಬೇಕು. ಎಂಜಿನ್ನಿನ ಸದ್ದು ಸಣ್ಣಗಿತ್ತು. ಹಾಗೇ ಇರಬೇಕಂತೆ; ಹಿಂದಿನ ಗಾಳಿಗೆಂದು ಕಂಟ್ರೋಲು ಮುಂದಿಟ್ಟಿರುವಾಗ ಎಂಜಿನ್ ಜೋರು ಮಾಡಿದರೆ ಪಂಖದ ಗಾಳಿಯೇ ಬಾಲವನ್ನು ಎತ್ತಿಬಿಡುತ್ತದೆ.

ಅರ್ಧ ದಾರಿ ಹೋಗಿರಬೇಕು. ಗಾಳಿ ನೈಋತ್ಯಕ್ಕೆ ತಿರುಗಿ ಒಮ್ಮೆಲೇ ಜೋರಾಯಿತು. ನನ್ನ ಮುಖಕ್ಕೆ ಮಣ್ಣು ರಾಚಿತು. ಕಣ್ಣುಜ್ಜಿ ನೋಡಿದರೆ, ಬಲಗಡೆಯ ರೆಕ್ಕೆ ಮೇಲೆ ಎದ್ದಿದೆ! ಆ ಹಿರಿಯರು ಎರಡೂ ಕೈಯಿಂದ ಕಂಬಿಗೆ ಜೋತುಬಿದ್ದಿದ್ದಾರೆ. ಮೂತಿ ಬಲಕ್ಕೆ ಎಳೆಯುತ್ತಿದೆ. ನಾನು “ಅಯ್ಯೋ ದೇವರೇ” ಎಂದದ್ದು ನನಗೇ ಕೇಳಿಸಲಿಲ್ಲ. ರೆಕ್ಕೆಯ ಪಟ್ಟಿ ಕೆಳಕ್ಕೆ ಇಳಿದದ್ದು ಅಷ್ಟು ದೂರಕ್ಕೂ ಕಂಡಿತು. ನಾನು ಮೊರದ ಅಂಚನ್ನು ನೆನೆದೆ. ರೆಕ್ಕೆ ನಿಧಾನವಾಗಿ ಕೂತಿತು. ವಿಮಾನ ನಿಂತಿತು.

ಅಲ್ಲಿ ನಿಂತದ್ದು ಎರಡು ನಿಮಿಷವಿರಬಹುದು; ನನಗೆ ಎರಡು ಗಂಟೆ. ಗಾಳಿಚೀಲ ಈಗ ಕೋಲಿನಂತೆ ನೆಟ್ಟಗೆ. ಬೀಸು ಸ್ವಲ್ಪ ಇಳಿದಾಗ ವಿಮಾನ ಮೆಲ್ಲಗೆ ಬಲಕ್ಕೆ, ಗಾಳಿಯ ಕಡೆಗೇ, ತಿರುಗಲು ಶುರುಮಾಡಿತು. ತುದಿಗೆ ಹೋಗಲಿಲ್ಲ, ಹಿಂದಿರುಗುತ್ತಿತ್ತು! ಆ ಒಂದು ತಿರುವಿನಲ್ಲಿ ಕೈ ಮೂರು ಸಲ ಜಾಗ ಬದಲಿಸಬೇಕೆಂದು ಅವಳು ಆಮೇಲೆ ಊಟದ ತಟ್ಟೆಯನ್ನು ವಿಮಾನ ಮಾಡಿಕೊಂಡು ತೋರಿಸಿದಳು. ಪೂರ್ವಕ್ಕೆ ಮುಖವಿದ್ದಾಗ ಗಾಳಿ ಬಲಗಡೆ ಹಿಂದಿನದು: ಕಂಟ್ರೋಲು ಮುಂದೆ, ಎಡಕ್ಕೆ. ದಕ್ಷಿಣಕ್ಕೆ ತಿರುಗಿದಾಗ ಅದೇ ಗಾಳಿ ಬಲಗಡೆ ಎದುರಿನದು: ಹಿಂದೆ, ಬಲಕ್ಕೆ. ಪಶ್ಚಿಮಕ್ಕೆ ಬಂದಾಗ ಎಡಗಡೆ ಎದುರಿನದು: ಹಿಂದೆ, ಎಡಕ್ಕೆ. ಅಷ್ಟರಲ್ಲಿ ಗಾಳಿ ತಾನೇ ಮೂತಿ ಎಳೆಯುವುದರಿಂದ ವೇಗವಾಗಿ ಸುತ್ತದಂತೆ ಕಾಲಲ್ಲಿ ತಡೆದು ಹಿಡಿಯಬೇಕು. ಕಾವಲಿಯ ಮೇಲೆ ದೋಸೆ, ಪಕ್ಕದಲ್ಲಿ ಉಕ್ಕುವ ಹಾಲು, ಕಂಕುಳಲ್ಲಿ ಮಗು, ಮೂರನ್ನೂ ಒಟ್ಟಿಗೆ ನೋಡುವವರಿಗೆ ಇದು ಅರ್ಥವಾದೀತು.

ವಿಮಾನ ಹ್ಯಾಂಗರಿನ ಮುಂದೆ ಗಾಳಿಗೆ ಮುಖ ಮಾಡಿ ನಿಂತಿತು. ಇಳಿದವಳು ನನ್ನ ಕಡೆ ಬರಲಿಲ್ಲ. ಮೊದಲು ಚಕ್ರಗಳಿಗೆ ಮರದ ಅಡೆ ಇಟ್ಟಳು. ರೆಕ್ಕೆಗಳೆರಡನ್ನೂ ಬಾಲವನ್ನೂ ನೆಲದ ಗೂಟಗಳಿಗೆ ಹಗ್ಗದಿಂದ ಕಟ್ಟಿಸಿದಳು. ಕಂಟ್ರೋಲು ಅಲ್ಲಾಡದಂತೆ ಸೀಟಿನ ಬೆಲ್ಟು ಸುತ್ತಿ ಬಿಗಿದಳು. ದನ ಕಟ್ಟಿ, ಗೊಂತು ನೋಡಿ, ಆಮೇಲೆ ಕೈಕಾಲು ತೊಳೆಯುವ ಮನೆಯವಳ ಹಾಗೆ.

ಹಿಂದಿರುಗುವ ಧೈರ್ಯ

“ಹಾರಲೇ ಇಲ್ವಲ್ಲೇ, ಬೇಜಾರಾಯ್ತಾ?” ಎಂದೆ. “ಆಗದೇ ಇರುತ್ತಾ ಚಿಕ್ಕಮ್ಮಾ? ನೀವು ನೋಡ್ತಾ ಇದ್ರಿ ಬೇರೆ. ಆದರೆ ಅಲ್ಲೇ ಅಷ್ಟು ಎಳೀತು ಅಂದ ಮೇಲೆ ಇಳಿಯೋವಾಗ ಸುಮ್ಮನೆ ಬಿಡುತ್ತಾ? ಹಾರಿದ ಮೇಲೆ ಇಳೀಲೇಬೇಕಲ್ಲ” ಎಂದಳು.

ಅವಳ ಮೇಷ್ಟ್ರು ಕೋಡುಬಳೆ ಮುರಿಯುತ್ತ ನನಗೆ ಹೇಳಿದ್ದು ಇಷ್ಟು: “ನಾನು ಒಂದು ಮಾತೂ ಆಡಲಿಲ್ಲಮ್ಮ. ತಿರುಗಿಸೋ ತೀರ್ಮಾನ ಅವಳದೇ. ಇನ್ನೂ ಒಂದು ನಿಮಿಷ ಕಾದಿದ್ದರೆ ನಾನೇ ಹೇಳ್ತಿದ್ದೆ. ಹಾರೋದನ್ನ ಎಲ್ಲರೂ ಬೇಗ ಕಲೀತಾರೆ. ಇವತ್ತು ಬೇಡ ಅನ್ನೋದನ್ನ ಕಲಿಯೋಕೆ ಕೆಲವರಿಗೆ ವರ್ಷಗಳು ಬೇಕು.”

ರಾತ್ರಿ ಮಲ್ಲೇಶ್ವರದ ನೆಂಟರ ಮನೆಯಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಅಕ್ಕ ಹೆದರಿದ್ದು ಹುಡುಗಿ ದುಡುಕಿ ಬಿದ್ದಾಳೆಂದು. ಆದರೆ ನಾನು ಕಂಡ ಹುಡುಗಿ ದುಡುಕುವವಳಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದ ಎಷ್ಟು ಮಕ್ಕಳಿಗೆ, ಗಂಡೇ ಆಗಲಿ ಹೆಣ್ಣೇ ಆಗಲಿ, ನಾಲ್ಕು ಜನರ ಮುಂದೆ ಅರ್ಧ ದಾರಿಯಿಂದ ಹಿಂದಿರುಗುವ ಬುದ್ಧಿ ಇದೆ? ಆ ಬುದ್ಧಿ ಬಂದದ್ದು ಆ ಬಯಲಿನಲ್ಲಿ. ಅದನ್ನೇ ಬಿಡಿಸಿ ಕರೆದುಕೊಂಡು ಹೋಗಲು ನಾನು ಬಂದಿದ್ದೆ!

ಹಾಗೆ ನೋಡಿದರೆ ಹೆಣ್ಣುಮಕ್ಕಳಿಗೆ ಇದು ಹೊಸದೂ ಅಲ್ಲ. ಜಕ್ಕೂರಿನ ಈ ಶಾಲೆಯಿಂದಲೇ 1949ರಲ್ಲಿ ಕಲಿತು ಹೊರಬಂದವರು ಉಷಾ ಸುಂದರಂ. 1951ರಲ್ಲಿ ಅವರೂ ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಅವರೂ ಸೇರಿ ಡವ್ ಎಂಬ ವಿಮಾನವನ್ನು ಇಂಗ್ಲೆಂಡಿನಿಂದ ಭಾರತಕ್ಕೆ ಹಾರಿಸಿಕೊಂಡು ಬಂದರು. ಅದಕ್ಕೂ ಮೊದಲು, 1936ರಲ್ಲಿ, ಲಾಹೋರಿನಲ್ಲಿ ಸರಳಾ ಠಕ್ರಾಲ್ ಎಂಬಾಕೆ ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನ ಹಾರಿಸಿದ್ದರು. ಅವರೂ ಗಾಳಿಚೀಲ ನೋಡಿಯೇ ಹೊರಟಿರಬೇಕು.

ಊರಿಗೆ ಒಬ್ಬಳೇ ಹಿಂದಿರುಗಿದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆದುಕೊಂಡು ಹೋಗಿ, ಗೋಡೆಗೆ ನೇತುಹಾಕಿದ್ದ ಮೊರ ಇಳಿಸಿ, ಹಿತ್ತಲ ಗಾಳಿಗೆ ಹಿಡಿದು ಎಲ್ಲ ತೋರಿಸಿದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಹಾಗಾದ್ರೆ ಅವಳಾಗೇ ತಿರುಗಿಸ್ಕೊಂಡು ಬಂದಳಾ?” ಎಂದಳು. “ಅವಳಾಗೇ” ಎಂದೆ. ಹೆಣ್ಣು ಕೇಳಿದವರಿಗೆ “ಈ ವರ್ಷ ಬೇಡ” ಎಂದು ಕಾಗದ ಹೋಯಿತು. ಮರುವರ್ಷ ಹುಡುಗಿಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಬಂತು. ಮದುವೆ ಆಮೇಲೆ ಆಯಿತು, ಹಾರಾಟವನ್ನು ಒಪ್ಪಿಕೊಂಡ ಮನೆಯಲ್ಲೇ.

ಈಗ ಅವಳಿಗೂ ಅರವತ್ತು ದಾಟಿದೆ. ಬಳ್ಳಾರಿ ರಸ್ತೆಯ ಮೇಲೆ ದೊಡ್ಡ ಮೇಲ್ಸೇತುವೆ ಬಂದಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ದಾರಿಯಲ್ಲಿ ಕಾರುಗಳಿಗೆ ಬಿಡುವಿಲ್ಲ. ನೀವು ಯಾರನ್ನಾದರೂ ಬೀಳ್ಕೊಡಲು ಹೋಗುವಾಗ ಹೆಬ್ಬಾಳ ದಾಟಿದ ಮೇಲೆ ಬಲಗಡೆ ಸ್ವಲ್ಪ ಕಣ್ಣಿಡಿ. ಜಕ್ಕೂರಿನ ಬಯಲು ಅಲ್ಲೇ ಇದೆ. ಬಿಡುವಿದ್ದರೆ ಹಿಂದಿನ ಜಕ್ಕೂರು ಕೆರೆಗೂ ಹೋಗಿ ಬನ್ನಿ. ಬೆಳಗಿನ ಹೊತ್ತು ಹಕ್ಕಿಗಳು ಸಾಲಾಗಿ ಇಳಿಯುತ್ತವೆ. ಗಮನವಿಟ್ಟು ನೋಡಿ, ಅವೂ ಗಾಳಿಗೆ ಮುಖ ಮಾಡಿಯೇ ಇಳಿಯುವುದು.

ಆಷಾಢದಲ್ಲಿ ಹಿತ್ತಲ ಬಟ್ಟೆ ತೆಗೆಯುವಾಗ ನನಗೆ ಇಂದಿಗೂ ಆ ದಿನ ನೆನಪಾಗುತ್ತದೆ. ಗಾಳಿ ಯಾವ ಕಡೆಯದು ಎಂದು ನೋಡಿಯೇ ತಂತಿಯಿಂದ ಸೀರೆ ಎಳೆಯುತ್ತೇನೆ.